ಗೊತ್ತಿರೋ ಇಂಗ್ಲಿಷ್ ಪದಗಳೇ ಜಾಸ್ತಿ ಕಾಟ ಕೊಡೋದು

ಆಫೀಸ್ ಇಂಗ್ಲಿಷ್ ಹೇಳ್ಕೊಡೋದು ನನ್ನ ಕೆಲಸ, ಅದ್ರಲ್ಲಿ ನಾನು ತುಂಬಾ ಹೊತ್ತು ಕಳೆಯೋದು ದೊಡ್ಡ ದೊಡ್ಡ ಪದಗಳ ಮೇಲಲ್ಲ, ಎಲ್ರಿಗೂ ಗೊತ್ತಿರೋ ಪದಗಳ ಮೇಲೆ. ಗೊತ್ತಿಲ್ಲದ ಪದ ಬಂದ್ರೆ ಡಿಕ್ಷನರಿ ತೆಗೀತೀವಿ, ಗೊತ್ತು ಅಂದ್ಕೊಂಡಿರೋದಕ್ಕೆ ಯಾರೂ ತೆಗೆಯಲ್ಲ.

ಡೌಟ್ ಅನ್ನೋದನ್ನೇ ನೋಡಿ. ಕ್ಲಾಸಲ್ಲಿ ‘ಸರ್ ಒಂದು ಡೌಟು’ ಅಂತ ಕೈ ಎತ್ತಿ ಬೆಳೆದವರು ನಾವು, ಹಂಗಾಗಿ ಅಮೆರಿಕದ ಕ್ಲೈಂಟ್ ಹತ್ರಾನೂ ‘ಐ ಹ್ಯಾವ್ ಎ ಡೌಟ್ ಅಬೌಟ್ ಯುವರ್ ಡಿಸೈನ್’ ಅಂದ್ಬಿಡ್ತೀವಿ, ನಮ್ಮ ಮನಸ್ಸಲ್ಲಿರೋದು ಇಲ್ಲೊಂದು ಅರ್ಥ ಆಗ್ಲಿಲ್ಲ ಸ್ವಲ್ಪ ಹೇಳಿ ಅಂತ, ಆದ್ರೆ ಅವ್ರಿಗೆ ಕೇಳ್ಸೋದು ನಿಮ್ಮ ಡಿಸೈನ್ ಮೇಲೆ ನಂಗೆ ನಂಬಿಕೆ ಇಲ್ಲ ಅನ್ನೋ ಥರ. ಡೌಟ್ ಬದಲು ಕ್ವೆಶ್ಚನ್ ಅಂದ್ರೆ ಮುಗೀತು. ಪಾಸ್‌ಔಟ್ ಕೂಡ ಹಂಗೇ, ನಮಗೆ ಕಾಲೇಜು ಮುಗಿಸೋದು, ಅವ್ರಿಗೆ ಪ್ರಜ್ಞೆ ತಪ್ಪಿ ಬೀಳೋದು.

ಇಂಗ್ಲಿಷಲ್ಲೇ ಯೋಚ್ನೆ ಮಾಡಿ, ಕನ್ನಡ ಪಕ್ಕಕ್ಕಿಡಿ ಅಂತ ತುಂಬಾ ಜನ ಸಲಹೆ ಕೊಡ್ತಾರೆ, ನಾನು ಒಪ್ಪಲ್ಲ. ‘ಬೈ ಫ್ರೈಡೇ’, ‘ಅಂಟಿಲ್ ಫ್ರೈಡೇ’ ಎರಡನ್ನೂ ಕಲಸಿಬಿಡೋರಿಗೆ ನಾನು ಹೇಳೋದು ಇಷ್ಟೇ, ಶುಕ್ರವಾರದೊಳಗೆ ಅಂದ್ರೆ ಬೈ, ಶುಕ್ರವಾರದ ತನಕ ಅಂದ್ರೆ ಅಂಟಿಲ್. ಒಳಗೆ ಮತ್ತೆ ತನಕ ಯಾವತ್ತೂ ಅದಲು ಬದಲು ಮಾಡದೆ ಇರೋರು ಇದನ್ನ ಯಾಕೆ ತಪ್ಪಬೇಕು?

ಇನ್ನೊಂದು ಜೋಡಿಗೆ ಮಾತ್ರ ಕನ್ನಡ ಅಷ್ಟು ಸುಲಭಕ್ಕೆ ದಾರಿ ತೋರ್ಸಲ್ಲ. ಓವರ್‌ಸೀ ಅಂದ್ರೆ ಮೇಲ್ವಿಚಾರಣೆ ಮಾಡೋದು, ಓವರ್‌ಲುಕ್ ಅಂದ್ರೆ ಗಮನಿಸದೆ ಬಿಟ್ಟುಬಿಡೋದು, ಓವರ್‌ಸೈಟ್ ಅನ್ನೋದು ಈ ಎರಡು ಅರ್ಥದಲ್ಲೂ ಬರುತ್ತೆ! ರೆಸ್ಯೂಮಲ್ಲಿ ಟೀಮನ್ನ ಓವರ್‌ಲುಕ್ ಮಾಡಿದೀನಿ ಅಂತ ಬರೆದ್ರೆ ಮಾಡಿದ ಒಳ್ಳೆ ಕೆಲಸಾನೂ ಕಡೆಗಣಿಸಿದಂಗೆ ಓದಿಸ್ಕೊಳ್ಳುತ್ತೆ, ನಂಗೆ ಅದು ನಿಜವಾಗ್ಲೂ ಬೇಜಾರು.

ಇಡಿಯಂ ವಿಷಯಕ್ಕೆ ಬಂದ್ರೆ ಪದ ಪದ ಬಿಡಿಸೋದು ಕೆಲಸಕ್ಕೆ ಬರಲ್ಲ, ಅದು ಎಲ್ಲಿಂದ ಬಂತು, ಯಾರು ಹೇಳ್ತಿದಾರೆ ಅಂತ ನೋಡ್ಬೇಕು. ‘ರೇನ್ ಚೆಕ್’ ಬಂದಿದ್ದು ಅಮೆರಿಕದ ಬೇಸ್‌ಬಾಲ್ ಮೈದಾನದಿಂದ, 19ನೇ ಶತಮಾನದಲ್ಲಿ ಮಳೆ ಬಂದು ಮ್ಯಾಚ್ ನಿಂತ್ರೆ ಬೇರೆ ದಿನದ ಆಟಕ್ಕೆ ಬರೋದಕ್ಕೆ ಚೀಟಿ ಕೊಡ್ತಿದ್ರು, ಅದಕ್ಕೇ ಊಟಕ್ಕೆ ಕರೆದಾಗ ಯಾರಾದ್ರೂ ರೇನ್ ಚೆಕ್ ಅಂದ್ರೆ ಇವತ್ತು ಬೇಡ ಇನ್ನೊಂದ್ಸಲ ಬರ್ತೀನಿ ಅಂತ.

‘ಲೆಟ್ಸ್ ಟೇಬಲ್ ಇಟ್’ ಇನ್ನೂ ಕಷ್ಟ, ಬ್ರಿಟನ್ನಿನವರಿಗೆ ಅದು ಈಗ ಚರ್ಚೆಗೆ ತರೋದು, ಅಮೆರಿಕದವರಿಗೆ ಪಕ್ಕಕ್ಕಿಡೋದು. ಎರಡನೇ ಮಹಾಯುದ್ಧದ ಟೈಮಲ್ಲಿ ಎರಡೂ ದೇಶದ ಸೇನಾಧಿಕಾರಿಗಳು ಈ ಒಂದೇ ಪದದ ಮೇಲೆ ಸುಮಾರು ಹೊತ್ತು ವಾದ ಮಾಡಿದ್ರಂತೆ, ಇಬ್ರಿಗೂ ಬೇಕಾಗಿದ್ದು ಒಂದೇ ಅಂತ ಆಮೇಲೆ ಗೊತ್ತಾಯ್ತು ಅಂತ ಚರ್ಚಿಲ್ ಅವರೇ ಬರೆದಿದಾರೆ. ಇಂಗ್ಲಿಷಲ್ಲೇ ಹುಟ್ಟಿ ಬೆಳೆದವರಿಗೇ ಹಿಂಗಾದ್ರೆ ಕೇಳೋದಕ್ಕೆ ನಮಗೇನು ಸಂಕೋಚ, ಮೀಟಿಂಗಲ್ಲಿ ಟೇಬಲ್ ಅಂತ ಕಿವಿಗೆ ಬಿದ್ದ ತಕ್ಷಣ ‘ಡೂ ಯು ಮೀನ್ ನೌ ಆರ್ ಲೇಟರ್’ ಅಂತ ಕೇಳ್ಬಿಡಿ.