ಪದ ಪರಿಚಯ: ಮಗುವಿನ ಹಿತ

ಮಕ್ಕಳ ಕಾನೂನಿನಲ್ಲಿ, ಕೋರ್ಟ್ ತೀರ್ಪಿನಲ್ಲಿ, ಸರ್ಕಾರದ ಸುತ್ತೋಲೆಯಲ್ಲಿ ‘ಮಗುವಿನ ಸರ್ವೋತ್ತಮ ಹಿತ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಏನಿದರ ಅರ್ಥ?

ಹಿತ ಬೇರೆ, ಇಷ್ಟ ಬೇರೆ. ಕೆಮ್ಮುವ ಮಗುವಿಗೆ ಐಸ್‌ಕ್ರೀಮ್ ಇಷ್ಟ, ಕಷಾಯ ಹಿತ. ಇದು ಮನೆಮನೆಗೂ ಗೊತ್ತು. ಆದರೆ ಈ ಪದ ಮುಖ್ಯವಾಗಿ ಎಚ್ಚರಿಸುವುದು ದೊಡ್ಡವರನ್ನು. ಅಪ್ಪ ಅಮ್ಮನ ಹಟ, ಊರಿನ ಮರ್ಯಾದೆ, ಇಲಾಖೆಯ ಅನುಕೂಲ ಇವನ್ನೆಲ್ಲ ಮಗುವಿನ ಹಿತ ಅಂತ ಕರೆಯಬೇಡಿ ಅನ್ನುತ್ತದೆ.

ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 3ನೇ ವಿಧಿಯಲ್ಲಿ ಈ ತತ್ವ ಇದೆ. ಭಾರತ ಅದನ್ನು 1992ರಲ್ಲಿ ಒಪ್ಪಿಕೊಂಡಿತು. ನಮ್ಮ 2015ರ ಬಾಲ ನ್ಯಾಯ ಕಾಯ್ದೆ ಅರ್ಥವನ್ನು ಇನ್ನೂ ಬಿಡಿಸಿ ಹೇಳುತ್ತದೆ: ಮಗುವಿನ ಮೂಲ ಹಕ್ಕು, ಅಗತ್ಯ, ಗುರುತು, ಜೊತೆಗೆ ದೇಹ, ಮನಸ್ಸು, ಬುದ್ಧಿಯ ಬೆಳವಣಿಗೆ. ಅಂದರೆ ಬರೀ ಹೊಟ್ಟೆ ಬಟ್ಟೆಯ ಲೆಕ್ಕ ಅಲ್ಲ.

ನಮ್ಮಲ್ಲಿ ಇದು ಒರೆಗೆ ಬಿದ್ದದ್ದು ಮೊಟ್ಟೆಯ ವಿಷಯದಲ್ಲಿ. 2021ರ ಡಿಸೆಂಬರ್‌ನಲ್ಲಿ ಬೀದರ್, ರಾಯಚೂರು, ಯಾದಗಿರಿ, ಕೊಪ್ಪಳ ಮುಂತಾದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಬೇಯಿಸಿದ ಮೊಟ್ಟೆ ಕೊಡಲು ಶುರು ಮಾಡಿದರು. ಆ ಭಾಗದ ಮಕ್ಕಳಲ್ಲಿ ಅಪೌಷ್ಟಿಕತೆ, ರಕ್ತಹೀನತೆ ಜಾಸ್ತಿ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ಇದನ್ನು ವಿರೋಧಿಸಿದರು. ಮಕ್ಕಳ ನಡುವೆ ಭೇದ ಬರುತ್ತದೆ ಎಂಬುದು ಅವರ ಒಂದು ಮಾತು.

ಪಂಕ್ತಿಭೇದ ಏನೆಂದು ಗೊತ್ತಿರುವ ನಾಡು ನಮ್ಮದು. ಹಾಗಾಗಿ ಆ ಆತಂಕವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಆದರೆ ಅದಕ್ಕೆ ಪರಿಹಾರ ಎಲ್ಲರ ತಟ್ಟೆಯಿಂದಲೂ ಮೊಟ್ಟೆ ತೆಗೆಯುವುದಲ್ಲ ಎಂದು ನಾನು ನಂಬುತ್ತೇನೆ. ಒಬ್ಬಳು ಬೆರಳಿನಿಂದ ಮೊಟ್ಟೆ ಸಿಪ್ಪೆ ಬಿಡಿಸುತ್ತಾಳೆ, ಪಕ್ಕದವಳು ಬಾಳೆಹಣ್ಣು ಸುಲಿಯುತ್ತಾಳೆ. ಒಂದೇ ಸಾಲು, ಒಂದೇ ಹರಟೆ. ಪೋಷಣೆ, ಸಮಾನತೆ, ಆಯ್ಕೆ ಮೂರೂ ಅಲ್ಲೇ ಇವೆ ಅಲ್ವಾ?

ಇಷ್ಟೆಲ್ಲ ಗಲಾಟೆಯ ನಡುವೆ ಗಂಗಾವತಿಯ ಶಾಲಾ ಹುಡುಗಿಯರು ನಮಗೆ ಮೊಟ್ಟೆ ಬೇಕು ಎಂದು ಕ್ಯಾಮೆರಾ ಮುಂದೆ ಗಟ್ಟಿಯಾಗಿ ಹೇಳಿದರು. ಅದು ತುಂಟತನವೂ ಅಲ್ಲ, ಅಧಿಕಪ್ರಸಂಗವೂ ಅಲ್ಲ. ಮಗುವಿಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಮಾತು ಕೇಳಬೇಕು, ಅದರ ವಯಸ್ಸು ಮತ್ತು ತಿಳಿವಳಿಕೆಗೆ ತಕ್ಕ ಬೆಲೆ ಕೊಡಬೇಕು ಎನ್ನುತ್ತದೆ ಅದೇ ಒಡಂಬಡಿಕೆಯ 12ನೇ ವಿಧಿ. ನಮ್ಮ ಪಂಚಾಯ್ತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸುವುದೂ ಇದಕ್ಕೇ. ‘ಶೌಚಾಲಯಕ್ಕೆ ಚಿಲಕ ಇಲ್ಲ ಸಾರ್’ ಎಂದು ಅಲ್ಲಿ ಆರನೇ ಕ್ಲಾಸಿನ ಹುಡುಗಿ ಎದ್ದು ಹೇಳಿದರೆ, ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಮುಂದಿನ ಸಭೆಯೊಳಗೆ ಚಿಲಕ ಹಾಕಿಸಬೇಕು.