ಎಚ್‌ಪಿವಿ ಪಾಸಿಟಿವ್ ಬಂದಿದೆ, ಅಂದ್ರೆ ನನಗೆ ಕ್ಯಾನ್ಸರ್ ಇದೆಯಾ?

ಪ್ರಶ್ನೆ: ನನಗೆ 38 ವರ್ಷ. ಎಚ್‌ಪಿವಿ ಟೆಸ್ಟ್ ಮಾಡಿಸಿದ್ದೆ, ಪಾಸಿಟಿವ್ ಅಂತ ಬಂದಿದೆ. ಗರ್ಭಕಂಠದ ಕ್ಯಾನ್ಸರ್ ಬರುವುದೇ ಈ ವೈರಸ್ಸಿನಿಂದ ಅಂತ ಓದಿದೆ. ಹಾಗಾದರೆ ನನಗೆ ಕ್ಯಾನ್ಸರ್ ಆಗಿದೆಯಾ? ಮನೆಯಲ್ಲಿ ಹೇಳೋಕೂ ಭಯ, ಗಂಡ ಏನು ತಿಳಿದುಕೊಳ್ಳುತ್ತಾರೋ.

ಉತ್ತರ: ಆ ರಿಪೋರ್ಟ್ ನಿಮಗೆ ಕ್ಯಾನ್ಸರ್ ಇದೆ ಅಂತ ಹೇಳುತ್ತಿಲ್ಲ. ಕ್ಯಾನ್ಸರ್ ತರಬಲ್ಲ ಜಾತಿಯ ವೈರಸ್ಸು ಈಗ ನಿಮ್ಮ ಗರ್ಭಕೋಶದ ಬಾಯಿಯಲ್ಲಿದೆ, ಅಷ್ಟೇ. ವೈರಸ್ಸು ಹೊಕ್ಕ ದಿನದಿಂದ ಕ್ಯಾನ್ಸರ್ ಆಗುವ ತನಕ ಸಾಮಾನ್ಯವಾಗಿ 15-20 ವರ್ಷ ಹಿಡಿಯುತ್ತದೆ, ಅದೂ ವೈರಸ್ಸು ಬಿಡದೆ ಕೂತರೆ ಮಾತ್ರ. ಆದರೆ ಅದು ನಿಮ್ಮ ಮೈಗೆ ಯಾವಾಗ ಬಂತು ಅಂತ ಈ ಟೆಸ್ಟ್ ಹೇಳಲಾರದು. ಅದಕ್ಕೇ ಮುಂದಿನ ಪರೀಕ್ಷೆ ಬೇಕೇ ಬೇಕು.

ಮೊದಲು ಗಂಡನ ವಿಷಯ, ಯಾಕೆಂದರೆ ಕ್ಯಾನ್ಸರಿಗಿಂತ ಅದಕ್ಕೇ ನೀವು ಜಾಸ್ತಿ ಹೆದರಿದ ಹಾಗಿದೆ. ಇದು ಲೈಂಗಿಕ ಸಂಪರ್ಕದಿಂದ ಬರುವ ವೈರಸ್ಸು, ನಿಜ. ಆದರೆ ಸಂಸಾರ ಮಾಡಿದ ಬಹುತೇಕ ಎಲ್ಲರಿಗೂ, ಗಂಡಸು ಹೆಂಗಸು ಅನ್ನದೆ, ಯಾವಾಗಲಾದರೂ ಒಮ್ಮೆ ತಗುಲುವಂಥದ್ದು. ನೋವಿಲ್ಲ, ಜ್ವರವಿಲ್ಲ, ಗೊತ್ತೇ ಆಗುವುದಿಲ್ಲ. ಎಷ್ಟೋ ವರ್ಷ ಸುಮ್ನೆ ಅಡಗಿದ್ದು ಆಮೇಲೆ ಟೆಸ್ಟಿನಲ್ಲಿ ಕಾಣಿಸಿಕೊಳ್ಳಲೂಬಹುದು. ಹಾಗಾಗಿ ಯಾರಿಂದ, ಯಾವಾಗ ಅಂತ ಯಾವ ಡಾಕ್ಟರೂ ಹೇಳಲಾರರು. ಈ ಕಾಗದ ಹಿಡಿದು ನಿಮ್ಮ ಮೇಲೆ ಅನುಮಾನ ಪಡುವುದೂ ತಪ್ಪು, ಅವರ ಮೇಲೆ ಪಡುವುದೂ ತಪ್ಪು. ಈ ಜಗಳದ ಭಯಕ್ಕೇ ರಿಪೋರ್ಟ್ ಬಚ್ಚಿಟ್ಟು ಮುಂದಿನ ಟೆಸ್ಟ್ ತಪ್ಪಿಸಿಕೊಂಡರೆ ಅದಕ್ಕಿಂತ ದೊಡ್ಡ ಅನಾಹುತ ಬೇರೆ ಇಲ್ಲ.

ಈಗ ಕ್ಯಾನ್ಸರಿಗೂ ಇದಕ್ಕೂ ಇರುವ ನಂಟು. ಎಚ್‌ಪಿವಿಯಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಕೆಲವು ಕೈಕಾಲಿನ ಮೇಲೆ ನರೂಲಿ ತರುತ್ತವೆ, ಅಷ್ಟೇ. ಸುಮಾರು 14 ಮಾತ್ರ ಅಪಾಯದವು, ಅವುಗಳಲ್ಲೂ 16 ಮತ್ತು 18 ಎಂಬ ಎರಡೇ ಬಗೆಗಳು ಗರ್ಭಕಂಠದ ಕ್ಯಾನ್ಸರಿನ ಸುಮಾರು 70 ಪರ್ಸೆಂಟಿಗೆ ಕಾರಣ. ಇದನ್ನು ಕಂಡುಹಿಡಿದವರು ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್. 1983-84ರಲ್ಲಿ ಅವರ ತಂಡ ಗಡ್ಡೆಗಳಲ್ಲೇ ಈ ಎರಡು ಬಗೆಗಳನ್ನು ಹುಡುಕಿ ತೆಗೆಯಿತು, 2008ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಜೀವಕೋಶಗಳು ಹದ್ದುಮೀರಿ ಬೆಳೆಯದಂತೆ ತಡೆಯುವ ಪಿ53, ಆರ್‌ಬಿ ಎಂಬ ಪ್ರೋಟೀನುಗಳಿವೆ. ವೈರಸ್ಸು ತಯಾರಿಸುವ ಇ6, ಇ7 ಎಂಬ ಎರಡು ಪ್ರೋಟೀನುಗಳು ಅವನ್ನೇ ಕೆಲಸಕ್ಕೆ ಬಾರದ ಹಾಗೆ ಮಾಡುತ್ತವೆ. ಆಮೇಲೆ ವರ್ಷಗಟ್ಟಲೆ ಆ ಜೀವಕೋಶಗಳಲ್ಲಿ ತಪ್ಪುಗಳು ಸೇರುತ್ತಾ ಹೋಗಿ ಕೊನೆಗೆ ಕ್ಯಾನ್ಸರ್ ಆಗಬಹುದು.

ಆದರೆ ಹತ್ತರಲ್ಲಿ ಒಂಬತ್ತು ಸೋಂಕು ಎರಡು ವರ್ಷದೊಳಗೆ ತಾನಾಗಿಯೇ ಹೋಗುತ್ತದೆ. ಉಳಿದದ್ದೇ ತೊಂದರೆ. ಬೀಡಿ ಸಿಗರೇಟು ಸೇದುವವರಲ್ಲಿ, ಎಚ್‌ಐವಿ ಇರುವವರಲ್ಲಿ ಅದು ಉಳಿಯುವ ಸಾಧ್ಯತೆ ಜಾಸ್ತಿ.

ಉಳಿದದ್ದನ್ನು ನಿರ್ಲಕ್ಷಿಸಿದರೆ ಏನಾಗುತ್ತದೆ ಅಂತ ನ್ಯೂಜಿಲೆಂಡಿನ ಹೆಂಗಸರಿಗೆ ಆದದ್ದರಿಂದ ಗೊತ್ತಾಯಿತು. ಅದನ್ನು ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ. 1960-70ರ ದಶಕದಲ್ಲಿ ಆಕ್ಲೆಂಡಿನ ನ್ಯಾಷನಲ್ ವಿಮೆನ್ಸ್ ಆಸ್ಪತ್ರೆಯಲ್ಲಿ, ಗರ್ಭಕಂಠದ ಜೀವಕೋಶಗಳು ಕೆಟ್ಟು ಕ್ಯಾನ್ಸರಿನ ಹಿಂದಿನ ಹಂತದಲ್ಲಿದ್ದ ಕೆಲವು ಹೆಂಗಸರಿಗೆ ಸರಿಯಾದ ಚಿಕಿತ್ಸೆ ಕೊಡದೆ, ಅವರಿಗೆ ಹೇಳದೆ, ಬರೀ ನೋಡುತ್ತಾ ಕೂತರು. 30 ವರ್ಷದಲ್ಲಿ ಅಂಥವರಲ್ಲಿ ಸುಮಾರು 31 ಪರ್ಸೆಂಟ್ ಜನರಿಗೆ ಕ್ಯಾನ್ಸರ್ ಆಯಿತು. ಸರಿಯಾಗಿ ಚಿಕಿತ್ಸೆ ಸಿಕ್ಕವರಲ್ಲಿ ಒಂದು ಪರ್ಸೆಂಟಿಗಿಂತ ಕಡಿಮೆ.

ಹಾಗಾಗಿ ಮೊದಲ ಕೆಲಸ, ರಿಪೋರ್ಟಿನಲ್ಲಿ ಯಾವ ಬಗೆ ಅಂತ ಬರೆದಿದೆಯಾ ನೋಡಿ. 16 ಅಥವಾ 18 ಇದ್ದರೆ ಸಾಮಾನ್ಯವಾಗಿ ನೇರ ಕಾಲ್ಪೋಸ್ಕೋಪಿ ಮಾಡುತ್ತಾರೆ, ಅಂದರೆ ಗರ್ಭಕಂಠಕ್ಕೆ ದ್ರಾವಣ ಹಚ್ಚಿ, ದೊಡ್ಡದಾಗಿ ತೋರಿಸುವ ಮಸೂರದಿಂದ ನೋಡುವುದು. ಅನುಮಾನ ಬಂದ ಜಾಗದಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಬೇರೆ ಬಗೆ ಇದ್ದರೆ ಪ್ಯಾಪ್ ಸ್ಮಿಯರ್, ಅಂದರೆ ಗರ್ಭಕಂಠದಿಂದ ಜೀವಕೋಶಗಳನ್ನು ಸವರಿ ತೆಗೆದು ಪರೀಕ್ಷಿಸುವುದು, ಮಾಡಿ ನೋಡುವುದುಂಟು. ಅದು ಸರಿಯಿದ್ದರೆ ಒಂದು ವರ್ಷ ಬಿಟ್ಟು ಮತ್ತೆ ಟೆಸ್ಟ್. ಕೆಟ್ಟ ಪದರ ಸಿಕ್ಕರೂ ಅಷ್ಟನ್ನೇ ಸುಟ್ಟು ಅಥವಾ ಕತ್ತರಿಸಿ ತೆಗೆಯಬಹುದು, ಎಷ್ಟೋ ಸಲ ಅವತ್ತೇ ಮನೆಗೆ ಬರಬಹುದು. ವೈರಸ್ಸನ್ನೇ ಕೊಲ್ಲುವ ಮಾತ್ರೆ ಇಲ್ಲ, ಹಾಗಂತ ಯಾರಾದರೂ ಮಾರಿದರೆ ಕೊಳ್ಳಬೇಡಿ. ಇನ್ನೊಂದು, "ಮಕ್ಕಳಾಗಿವೆಯಲ್ಲಾ, ಗರ್ಭಕೋಶ ತೆಗೆಸಿಬಿಡಿ" ಅನ್ನುವ ಸಲಹೆ ನಮ್ಮ ಕಡೆ ಬೇಗ ಬರುತ್ತದೆ. ಬರೀ ಪಾಸಿಟಿವ್ ರಿಪೋರ್ಟಿಗೆ ಅಂಥ ಆಪರೇಷನ್ ಬೇಡ. ಯಾರಾದರೂ ಹೇಳಿದರೆ ಬೇರೆ ಡಾಕ್ಟರ ಹತ್ತಿರ ಕೇಳಿ.

ಟೆಸ್ಟ್ ಮಾಡಿಸಿದ್ದೇ ತಪ್ಪಾಯ್ತು ಅಂತ ದಯವಿಟ್ಟು ಅಂದುಕೊಳ್ಳಬೇಡಿ. ನಮ್ಮ ಬೀದರ್, ಕಲಬುರಗಿಗೆ ಅಂಟಿಕೊಂಡಿರುವ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿ ಮಾಡಿದ ಅಧ್ಯಯನ 2009ರಲ್ಲಿ ಹೊರಬಂತು. ಒಂದೇ ಒಂದು ಸಲ ಎಚ್‌ಪಿವಿ ಟೆಸ್ಟ್ ಮಾಡಿ, ಬೇಕಾದವರಿಗೆ ಚಿಕಿತ್ಸೆ ಕೊಟ್ಟಿದ್ದರಿಂದ ಆ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಹತ್ತಿರಹತ್ತಿರ ಅರ್ಧಕ್ಕಿಳಿದಿತ್ತು. ಆದರೂ ದೇಶದಲ್ಲಿ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಈ ಕ್ಯಾನ್ಸರಿನ ತಪಾಸಣೆ ಒಮ್ಮೆಯಾದರೂ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಇಷ್ಟು ನಿಧಾನವಾಗಿ ಬರುವ ಕಾಯಿಲೆ, 2022ರ ಅಂದಾಜಿನಂತೆ ಒಂದೇ ವರ್ಷದಲ್ಲಿ ಭಾರತದ ಸುಮಾರು 80 ಸಾವಿರ ಹೆಂಗಸರನ್ನು ಕೊಂದಿದೆ.

ಎಚ್‌ಪಿವಿ ತಡೆಯುವ ಲಸಿಕೆ ಇದೆ, ಆದರೆ ಅದು ಈಗಾಗಲೇ ಇರುವ ಸೋಂಕನ್ನು ತೆಗೆಯುವುದಿಲ್ಲ. ನಿಮಗೆ ಮಗಳಿದ್ದರೆ, 9ರಿಂದ 14ರ ನಡುವೆ ಹಾಕಿಸಿದರೆ ಅವಳಿಗೆ ಅದರ ಪೂರ್ತಿ ಲಾಭ ಸಿಗುತ್ತದೆ. ಪುಣೆಯ ಸೀರಮ್ ಸಂಸ್ಥೆಯ ಸರ್ವಾವ್ಯಾಕ್ ಎಂಬ ಲಸಿಕೆ 2023ರಿಂದ ಮಾರುಕಟ್ಟೆಯಲ್ಲಿದೆ. ನಿಮ್ಮ ವಿಷಯಕ್ಕೆ ಬಂದರೆ, ಗಂಡನ ಜೊತೆ ಸೇರಿದಾಗ ರಕ್ತ, ಮುಟ್ಟಿನ ನಡುವೆ ರಕ್ತ, ವಾಸನೆಯ ಬಿಳಿ ಮುಟ್ಟು ಇದ್ದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಈ ವಾರವೇ ಹೋಗಿ. ಇದ್ಯಾವುದೂ ಇಲ್ಲದಿದ್ದರೂ ಈ ತಿಂಗಳು ದಾಟಿಸಬೇಡಿ.