ಒದ್ದೆ ಹೊಯಿಗೆ ಹೇಳುವ ಸುಳ್ಳು

ಕಳೆದ ಡಿಸೆಂಬರಿನಲ್ಲಿ ಒಬ್ಬರು ಫೋನ್ ಮಾಡಿದರು. ಹಿಂದಿನ ದಿನ ಸಂಜೆ ಮಲ್ಪೆ ಕಡಲತೀರದಲ್ಲಿ ಮದುವೆಯ ಉಂಗುರ ಬೆರಳಿನಿಂದ ಜಾರಿತ್ತು. ಎಲೆಕ್ಟ್ರಾನಿಕ್ ಉಪಕರಣಗಳ ದುರಸ್ತಿ ನನ್ನ ವೃತ್ತಿ, ಮೆಟಲ್ ಡಿಟೆಕ್ಟರ್‌ಗಳೂ ಅದರಲ್ಲಿ ಸೇರಿವೆ. ಹಾಗಾಗಿ ವರ್ಷಕ್ಕೆ ನಾಲ್ಕಾರು ಸಲ ಇಂಥ ಕರೆ ಬರುತ್ತದೆ. ಅವರು ಆಗಲೇ ಯಾರದೋ ಯಂತ್ರ ಎರವಲು ತಂದು ಬೆಳಗಿನಿಂದ ಹುಡುಕುತ್ತಿದ್ದರು. “ಮೇಲಿನ ಒಣ ಹೊಯಿಗೆಯಲ್ಲಿ ಸರಿಯಾಗಿಯೇ ಇದೆ ಸರ್. ನೀರಿನ ಹತ್ತಿರ ಹೋದರೆ ಹುಚ್ಚು ಹಿಡಿದ ಹಾಗೆ ಕೂಗುತ್ತದೆ. ಹಾಳಾಗಿರಬೇಕು” ಎಂದರು.

ಯಂತ್ರ ಹಾಳಾಗಿರಲಿಲ್ಲ. ಅದು ತನಗೆ ಕಂಡದ್ದನ್ನೇ ಹೇಳುತ್ತಿತ್ತು.

ಹೆಸರಿಗೆ ಲೋಹಶೋಧಕವಾದರೂ ಅದು ಪತ್ತೆ ಮಾಡುವುದು ವಿದ್ಯುತ್ತು ಹರಿಯಬಲ್ಲ ವಸ್ತುವನ್ನು. ಕೋಲಿನ ತುದಿಯ ತಟ್ಟೆಗೆ ಕಾಯಿಲ್ ಎನ್ನುತ್ತಾರೆ; ಅದರೊಳಗಿನ ಒಂದು ಸುರುಳಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ಕಾಂತಕ್ಷೇತ್ರವನ್ನು ಕೆಳಗೆ ಹರಡುತ್ತದೆ. ಆ ಕ್ಷೇತ್ರಕ್ಕೆ ಸಿಕ್ಕ ಉಂಗುರದಲ್ಲಿ ಪುಟ್ಟ ಸುಳಿಪ್ರವಾಹ ಏಳುತ್ತದೆ, ಅದರ ಮರುದನಿಯನ್ನು ಇನ್ನೊಂದು ಸುರುಳಿ ಹಿಡಿಯುತ್ತದೆ. ಸಮುದ್ರದ ನೀರಿನಲ್ಲಿಯೂ ಹೀಗೆಯೇ ಆಗುತ್ತದೆ. ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣ ಕರಗಿರುತ್ತದೆ. ತಾಮ್ರದ ಮುಂದೆ ಅದರ ವಾಹಕತೆ ಲೆಕ್ಕಕ್ಕಿಲ್ಲ, ನಿಜ. ಆದರೆ ಕಾಯಿಲ್‌ನ ಕೆಳಗಿರುವುದು ಒಂದು ಚಮಚ ಉಪ್ಪುನೀರಲ್ಲ, ಒದ್ದೆ ಹೊಯಿಗೆಯ ಇಡೀ ಹಾಸು. ಹೊಯಿಗೆ ಒಣಗಿದಾಗ ಅದೇ ಉಪ್ಪು ಹರಳುಗಟ್ಟುತ್ತದೆ, ಪ್ರವಾಹಕ್ಕೆ ದಾರಿ ಇಲ್ಲದಾಗುತ್ತದೆ, ಯಂತ್ರ ಸುಮ್ಮನಾಗುತ್ತದೆ.

ಬರೀ ಗದ್ದಲವಾಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಮರುದನಿ ಎಷ್ಟು ಹಿಂದುಳಿದು ಬಂತು ಎಂಬುದನ್ನು ನೋಡಿ ಯಂತ್ರ ಲೋಹದ ಗುರುತು ಹೇಳುತ್ತದೆ. ಹೀಗೆ ಸಾಲಾಗಿ ಜೋಡಿಸಿದ ಗುರುತುಗಳ ಪಟ್ಟಿಯಲ್ಲಿ ಉಪ್ಪುನೀರು ಕೂರುವುದು ಸಿಗರೇಟು ಪ್ಯಾಕಿನ ತೆಳು ಹಾಳೆ ಮತ್ತು ತೆಳು ಚಿನ್ನದ ಮಗ್ಗುಲಲ್ಲೇ. ಉಪ್ಪಿನ ಬಾಯಿ ಪೂರ್ತಿ ಮುಚ್ಚಿಸಹೋದರೆ ಚಿನ್ನದ ಬಾಯಿಯೂ ಮುಚ್ಚುತ್ತದೆ. ಕಬ್ಬಿಣದ ಖನಿಜವಿರುವ ಕಪ್ಪು ಹೊಯಿಗೆ ಬೆರೆತಿದ್ದರೆ ಇನ್ನೊಂದು ತಲೆನೋವು. ಅದರ ದನಿ ಪಟ್ಟಿಯ ಇನ್ನೊಂದು ತುದಿಯಲ್ಲಿರುತ್ತದೆ, ಒಂದೇ ಆವರ್ತನದ ಯಂತ್ರ ಎರಡು ತುದಿಗಳನ್ನೂ ಒಟ್ಟಿಗೆ ಸಮತೋಲನ ಮಾಡಿ ಸುಮ್ಮನಾಗಿಸಲಾರದು.

ಹಲವು ಆವರ್ತನಗಳನ್ನು ಒಮ್ಮೆಗೇ ಕಳಿಸಿ, ಹೋಲಿಸಿ, ಉಪ್ಪಿನ ಪಾಲನ್ನು ಕಳೆಯುವ ಯಂತ್ರಗಳು ಬಂದದ್ದು ಇದಕ್ಕಾಗಿಯೇ. 2018ರಲ್ಲಿ ಬಂದ ಮೈನ್‌ಲ್ಯಾಬ್ ಈಕ್ವಿನಾಕ್ಸ್ ಇಂಥದ್ದು. ಪಲ್ಸ್ ಇಂಡಕ್ಷನ್ ಯಂತ್ರದ ದಾರಿ ಬೇರೆ: ಒಂದು ಪ್ರಬಲ ಮಿಡಿತ ಕಳಿಸಿ, ಸುಮಾರು 10 ಮೈಕ್ರೋಸೆಕೆಂಡು ಸುಮ್ಮನಿದ್ದು, ಆಮೇಲೆ ಕಿವಿಗೊಡುತ್ತದೆ. ಅಷ್ಟರಲ್ಲಿ ಉಪ್ಪಿನ ಪ್ರವಾಹ ಸತ್ತಿರುತ್ತದೆ, ಉಂಗುರದ್ದು ಇನ್ನೂ ಉಳಿದಿರುತ್ತದೆ. ಆಳವೂ ಚೆನ್ನಾಗಿ ಸಿಗುತ್ತದೆ. ಆದರೆ ಕಬ್ಬಿಣ ಯಾವುದು, ಚಿನ್ನ ಯಾವುದು ಎಂದು ಅದು ಹೇಳುವುದಿಲ್ಲ. ಮೀನುಗಾರಿಕಾ ಬಂದರಿನ ಪಕ್ಕದ ತೀರದಲ್ಲಿ ಅದನ್ನು ಹಿಡಿದು ನಡೆದರೆ ಸಂಜೆಯವರೆಗೂ ಮೊಳೆ ಅಗೆಯುತ್ತಿರಬೇಕು.

ಅವತ್ತು ನಾನು ಮೊದಲು ಕೇಳಿದ್ದು ಯಂತ್ರದ ಬಗ್ಗೆಯಲ್ಲ. “ನಿನ್ನೆ ನೀರಿನಲ್ಲಿ ನಿಂತು ತೆಗೆದ ಫೋಟೋ ಇದೆಯೇ?” ಎಂದೆ. ಉಂಗುರ ಕಳೆದವರು ಕೈ ತೋರಿಸುವುದು ಸಮುದ್ರದ ಕಡೆಗೆ, ಸಮುದ್ರವೋ ನಿಂತಲ್ಲಿ ನಿಲ್ಲುವುದಿಲ್ಲ. ಫೋಟೋದಲ್ಲಿ ಅವರು ಮೊಣಕಾಲುದ್ದದ ನೀರಿನಲ್ಲಿದ್ದರು, ಹಿಂದೆ ದಡದ ಎರಡು ತೆಂಗಿನಮರಗಳು ಒಂದಕ್ಕೊಂದು ಮರೆಯಾಗಿ ನಿಂತಿದ್ದವು. ಸಮಯ 5.40. ಉಬ್ಬರವಿಳಿತದ ಪಟ್ಟಿ ನೋಡಿದರೆ ಅದು ಉಬ್ಬರದ ಹೊತ್ತು. ಅಂದರೆ ಅದೇ ಜಾಗ ಮರುದಿನ ಮಧ್ಯಾಹ್ನದ ಇಳಿತಕ್ಕೆ ಬರಿಯ ಒದ್ದೆ ಹೊಯಿಗೆಯಾಗಿ ತೆರೆದುಕೊಳ್ಳುತ್ತದೆ. ತಡಮಾಡುವಂತಿರಲಿಲ್ಲ. ಚಿನ್ನ ಹೊಯಿಗೆಗಿಂತ ಆರೇಳು ಪಟ್ಟು ಸಾಂದ್ರ, ಅಲೆ ಅಲುಗಿಸಿದಷ್ಟೂ ಕೆಳಗಿಳಿಯುತ್ತದೆ.

ಎರಡೂ ಮರಗಳು ಒಂದೇ ಗೆರೆಗೆ ಬರುವಲ್ಲಿ ಕೋಲು ನೆಟ್ಟೆವು. ಒದ್ದೆಯಲ್ಲೇ ಯಂತ್ರವನ್ನು ನೆಲದ ದನಿಗೆ ಹೊಂದಿಸಿ, ಸಂವೇದನೆಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದೆ. “ಕಡಿಮೆ ಮಾಡಿದರೆ ಆಳ ಸಿಗುವುದಿಲ್ಲವಲ್ಲ?” ಎಂದು ಅವರು ಕೇಳಿದರು. ಎಲ್ಲರೂ ಕೇಳುತ್ತಾರೆ. ಸಂತೆಯ ಗದ್ದಲದಲ್ಲಿ ಕಿವಿಗೆ ಯಂತ್ರ ಹಾಕಿಕೊಂಡವರು ಅದರ ದನಿಯನ್ನು ಏರಿಸುತ್ತಾರೆಯೇ, ಇಳಿಸುತ್ತಾರೆಯೇ? ನಡೆದದ್ದು ನೀರಂಚಿಗೆ ಸಮಾನಾಂತರವಾಗಿ. ದಡದಿಂದ ನೀರಿನ ಕಡೆಗೆ ನಡೆದರೆ ಹೆಜ್ಜೆ ಹೆಜ್ಜೆಗೂ ತೇವ ಬದಲಾಗಿ ಸಮತೋಲನ ಕೆಡುತ್ತದೆ. ಕಾಯಿಲ್ ಬೀಸುವಾಗ ತುದಿಯಲ್ಲಿ ಕೈ ತುಸು ಮೇಲೆದ್ದರೂ ಉಪ್ಪು ಕೂಗುತ್ತದೆ. ಹೊಸಬರ ಸುಳ್ಳು ಸದ್ದುಗಳಲ್ಲಿ ಅರ್ಧ ಹುಟ್ಟುವುದು ಅಲ್ಲಿಯೇ.

ಮೊದಲ ಒಳ್ಳೆಯ ಸದ್ದು ಅಗೆದರೆ ಬಲೆಗೆ ಕಟ್ಟುವ ಸೀಸದ ಗುಂಡು. ಎರಡನೆಯದೂ ಅದೇ. ಸೀಸ ಬಹುಮಟ್ಟಿಗೆ ಉಂಗುರದ ದನಿಯಲ್ಲೇ ಮಾತನಾಡುತ್ತದೆ, ಬೇಸರಪಡದೆ ಅಗೆಯಲೇಬೇಕು. ಮೂರನೆಯದು ಸಣ್ಣಗೆ, ಗಂಟಲಲ್ಲೇ ಉಳಿದಂತೆ ಬಂತು. ಉಪ್ಪಿನದೇ ಇರಬೇಕೆಂದು ಒಂದು ಸಲ ದಾಟಿಹೋಗಿದ್ದೆ. ತಿರುಗಿ ಬಂದು ಅಡ್ಡಲಾಗಿ ಬೀಸಿದೆ. ಉಪ್ಪಿನ ಸದ್ದು ಹೀಗೆ ದಿಕ್ಕು ಬದಲಿಸಿದಾಗ ಜಾಗ ಬಿಟ್ಟು ಓಡುತ್ತದೆ, ಇದು ಅಲ್ಲೇ ನಿಂತಿತು. ಒಂದು ಗೇಣಿಗಿಂತ ತುಸು ಕಡಿಮೆ ಆಳದಲ್ಲಿ ಉಂಗುರವಿತ್ತು.

ಉಂಗುರವಾದ್ದರಿಂದ ಸಿಕ್ಕಿತು. ಪ್ರವಾಹ ಸುತ್ತಲು ಅದರಲ್ಲಿ ಮುಚ್ಚಿದ ದಾರಿ ಇದೆ. ಎಳೆ ಸರದಲ್ಲಿ ಪ್ರತಿ ಕೊಂಡಿಯೂ ಬೇರೆ ಬೇರೆ ಪುಟ್ಟ ಬಳೆಯಾದ್ದರಿಂದ ಹತ್ತು ಗ್ರಾಂ ಸರ ಎರಡು ಗ್ರಾಂ ಉಂಗುರದಷ್ಟೂ ದನಿ ಮಾಡದೇ ಇರಬಹುದು. ಕರಿಮಣಿ ಸರ ಕಳೆದವರಿಗೆ ನಾನು ಮೊದಲೇ ಹೇಳಿಬಿಡುತ್ತೇನೆ: ಯಂತ್ರಕ್ಕೆ ಕಂಡರೆ ತಾಳಿ ಕಂಡೀತು, ಸರ ಕಾಣದು.

ಕಾಯಿಲ್ ಮತ್ತು ಕೋಲನ್ನು ಸಿಹಿನೀರಿನಲ್ಲಿ ತೊಳೆಯುತ್ತಿದ್ದೆ. ನನ್ನ ಮೇಜಿಗೆ ಬರುವ ಯಂತ್ರಗಳಲ್ಲಿ ಹೆಚ್ಚಿನವು ಇದನ್ನು ಮಾಡದೆ ಕನೆಕ್ಟರ್‌ಗಳಲ್ಲಿ ಹಸಿರು ಕಿಲುಬು ಹಿಡಿಸಿಕೊಂಡವು. ಅವರು ಪಕ್ಕದಲ್ಲಿ ನಿಂತು ಮೆಲ್ಲಗೆ ಕೇಳಿದರು: “ನಮ್ಮ ಊರಿನ ಹಳೆಯ ಮನೆಯ ಅಂಗಳದಲ್ಲಿ ನಿಧಿ ಇದೆ ಎನ್ನುತ್ತಾರೆ ಸರ್. ಇದು ಅಲ್ಲಿಗೆ ಆಗುತ್ತದೆಯೇ?”

“ನಿಧಿಗೂ ಕಾಯಿದೆ ಇದೆ ಮಾರಾಯರೇ. ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು” ಎಂದೆ.

ಅವರು ನಕ್ಕು, ಉಂಗುರವನ್ನು ಬೆರಳಿಗೆ ಹಾಕಿಕೊಳ್ಳದೆ ಶರ್ಟಿನ ಜೇಬಿಗೆ ಇಳಿಸಿ ಗುಂಡಿ ಹಾಕಿಕೊಂಡರು.